ದ್ವೀಪದ ರಜೆ: ವಿಶ್ರಾಂತಿ ಯಾರಿಗೆ?

ಶಾಲೆಗಳ ವಾರ್ಷಿಕ ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಹತ್ತಿರವಾಯಿತೆಂದರೆ ಮನೆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಈ ಸಲ ಎಲ್ಲಿಗೆ ಹೋಗುವುದು? ಹಿಂದೆ ಇದಕ್ಕೆ ಉತ್ತರ ಸಿದ್ಧವಾಗಿತ್ತು. ಮಕ್ಕಳು ತಾಯಿಯ ತವರಿಗೆ ಹೋಗಿ, ಮಾವು ಹಲಸು ತಿಂದು, ಜೂನ್ ತಿಂಗಳ ಮೊದಲ ಮಳೆಗೆ ಹಿಂತಿರುಗುತ್ತಿದ್ದರು. ದೂರದ ಪ್ರಯಾಣವೆಂದರೆ ವೇಳಾಂಗಣಿಯ ಹರಕೆ, ಇಲ್ಲವೇ ಹಳೆ ಗೋವೆಯಲ್ಲಿರುವ ಸಂತ ಫ್ರಾನ್ಸಿಸ್ ಜೇವಿಯರರ ದರ್ಶನ. ಇಂದು ನಮ್ಮ ಕರಾವಳಿಯ ಕುಟುಂಬಗಳಲ್ಲಿ ಮತ್ತೊಂದು ಹೆಸರು ಕೇಳಿಬರುತ್ತಿದೆ. ಅದು ಮಾಲ್ಡೀವ್ಸ್. ತಂದೆ ಕೊಲ್ಲಿ ರಾಷ್ಟ್ರದಲ್ಲಿ, ತಾಯಿ ಬೆಂಗಳೂರಿನ ಕಚೇರಿಯಲ್ಲಿ, ಮಕ್ಕಳು ವಸತಿಶಾಲೆಯಲ್ಲಿ. ಎಲ್ಲರೂ ಒಟ್ಟಿಗೆ ಕಳೆಯಲು ಸಿಗುವುದು ವರ್ಷಕ್ಕೊಂದು ವಾರ. ಆ ಒಂದು ವಾರವನ್ನು ಬಿಳಿ ಮರಳಿನ, ನೀಲಿ ನೀರಿನ ದ್ವೀಪವೊಂದರ ರೆಸಾರ್ಟಿನಲ್ಲಿ ಕಳೆಯಬೇಕೆಂಬುದು ಅನೇಕರ ಆಸೆ. ಬೆಂಗಳೂರಿನಿಂದ ಮಾಲೆಗೆ ವಿಮಾನದಲ್ಲಿ ಸುಮಾರು ಎರಡು ಗಂಟೆಗಳ ಹಾದಿ. ಮಂಗಳೂರಿನಿಂದ ಬೆಂಗಳೂರಿಗೆ ರಾತ್ರಿಯ ಬಸ್ಸಿನಲ್ಲಿ ಹೋಗುವವರಿಗೆ ಇದು ಬಹಳ ಸಮೀಪವೇ ಸರಿ.

ಈ ವಿಷಯದಲ್ಲಿ ನಾವು ಎರಡು ಬಗೆಯ ಅಭಿಪ್ರಾಯಗಳನ್ನು ಕೇಳುತ್ತಾ ಬಂದಿದ್ದೇವೆ. ಹಿರಿಯರಲ್ಲಿ ಹಲವರು ಇದನ್ನು ದುಂದುವೆಚ್ಚವೆಂದು ಹಳಿಯುತ್ತಾರೆ. ಮನೆಯ ಮುಂದೆಯೇ ಕಡಲಿರುವಾಗ ಕಡಲು ನೋಡಲು ವಿದೇಶಕ್ಕೆ ಹೋಗಬೇಕೆ ಎಂಬುದು ಅವರ ವಾದ. ಕಿರಿಯರ ವಾದ ಬೇರೆ. ವರ್ಷವಿಡೀ ಬೆವರು ಸುರಿಸಿ ಗಳಿಸಿದ ಹಣ ನಮ್ಮದು, ವಿಶ್ರಾಂತಿಯೂ ನಮ್ಮದು, ಇದರಲ್ಲಿ ಕೇಳುವುದಕ್ಕೇನಿದೆ ಎಂದು ಅವರು ಹೇಳುತ್ತಾರೆ. ನಮ್ಮ ದೃಷ್ಟಿಯಲ್ಲಿ ಹಿರಿಯರ ಆಕ್ಷೇಪ ಪೂರ್ತಿ ಸರಿಯಲ್ಲ. ಕಿರಿಯರ ಸಮರ್ಥನೆಯೂ ಪೂರ್ತಿ ಸರಿಯಲ್ಲ. ವಿಶ್ರಾಂತಿ ಮನುಷ್ಯನ ಹಕ್ಕು. ಆದರೆ ಅದು ಒಬ್ಬನ ಸ್ವಂತ ಸೊತ್ತು ಎಂದು ತಿಳಿದಲ್ಲಿ ಅದರ ಅರ್ಥವೇ ಕೆಡುತ್ತದೆ. ಈ ಮಾತನ್ನು ಸ್ವಲ್ಪ ವಿವರಿಸುವುದು ಈ ವಾರದ ನಮ್ಮ ಉದ್ದೇಶ.

ಮೊದಲು ಹಿರಿಯರಿಗೆ ಒಂದು ಮಾತು. ವಿರಾಮವನ್ನು ಸೋಮಾರಿತನವೆಂದು ತಿಳಿಯುವುದು ನಮ್ಮ ಪರಂಪರೆಯ ಬೋಧನೆಯಲ್ಲ. ಪ್ರಾಚೀನ ಗ್ರೀಕರು ವಿರಾಮವನ್ನು 'ಸ್ಕೋಲೆ' ಎಂದು ಕರೆದರು. ಇಂದು ನಾವು ಬಳಸುವ 'ಸ್ಕೂಲ್' ಎಂಬ ಶಬ್ದ ಬಂದದ್ದು ಅದರಿಂದಲೇ. ದುಡಿಮೆಗೆ ಅವರಲ್ಲಿದ್ದ ಶಬ್ದದ ಅರ್ಥ 'ವಿರಾಮವಿಲ್ಲದ ಸ್ಥಿತಿ' ಎಂದು. ಅಂದರೆ ಅವರ ಲೆಕ್ಕದಲ್ಲಿ ವಿರಾಮವೇ ಮೂಲ, ದುಡಿಮೆ ಅದರ ಅಭಾವ. ಮನುಷ್ಯನು ವಿರಾಮವನ್ನು ಪಡೆಯುವುದಕ್ಕಾಗಿಯೇ ದುಡಿಯುತ್ತಾನೆ ಎಂಬುದು ಅರಿಸ್ಟಾಟಲನ ಮತ. ಸಂತ ತೋಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಆಟ ಮತ್ತು ವಿನೋದಗಳ ಬಗ್ಗೆಯೇ ಒಂದು ಪ್ರಶ್ನೆಯನ್ನು ಎತ್ತಿಕೊಂಡು ಚರ್ಚಿಸಿದ್ದಾರೆ. ದೇಹ ದಣಿದಂತೆ ಮನಸ್ಸೂ ದಣಿಯುತ್ತದೆ, ಮನಸ್ಸಿನ ದಣಿವಿಗೆ ಔಷಧವೆಂದರೆ ಸಂತೋಷ ಎನ್ನುತ್ತಾರೆ. ಶುಭಸಂದೇಶಕಾರ ಸಂತ ಯೊವಾನ್ನರ ಬಗೆಗಿನ ಹಳೆಯ ಕಥೆಯೊಂದನ್ನು ಅವರು ಅಲ್ಲಿ ಸ್ಮರಿಸುತ್ತಾರೆ. ಸಂತರು ಶಿಷ್ಯರೊಡನೆ ವಿನೋದದಲ್ಲಿ ತೊಡಗಿದ್ದನ್ನು ಕಂಡು ಕೆಲವರು ಆಕ್ಷೇಪಿಸಿದಾಗ, ಅವರಲ್ಲಿ ಬಿಲ್ಲು ಹಿಡಿದಿದ್ದವನೊಬ್ಬನಿಗೆ ಸಂತರು ಬಾಣ ಬಿಡುವಂತೆ ಹೇಳಿದರಂತೆ. ಹಲವು ಬಾಣಗಳನ್ನು ಬಿಟ್ಟ ಮೇಲೆ, ಹೀಗೆ ನಿಲ್ಲಿಸದೆ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದರಂತೆ. ಹಾಗೆ ಮಾಡಿದರೆ ಬಿಲ್ಲು ಮುರಿದೀತು ಎಂದು ಅವನು ಉತ್ತರಿಸಿದ. ಮನುಷ್ಯನ ಮನಸ್ಸೂ ಹಾಗೆಯೇ ಎಂದರು ಸಂತರು. ಅಕ್ವಿನಾಸರು ಇಲ್ಲಿಗೇ ನಿಲ್ಲುವುದಿಲ್ಲ. ತಾನೂ ನಗದೆ, ಇತರರ ನಗುವಿಗೂ ಅಡ್ಡಿಯಾಗುವವನ ನಡತೆಯಲ್ಲಿ ದೋಷವಿದೆ ಎಂದು ತೀರ್ಪು ನೀಡುತ್ತಾರೆ.

ಆದ್ದರಿಂದ, ವರ್ಷದಲ್ಲಿ ಹನ್ನೊಂದು ತಿಂಗಳು ಮರುಭೂಮಿಯ ಬಿಸಿಲಿನಲ್ಲಿ ದುಡಿದು ಬಂದ ಮಗನು ಹೆಂಡತಿ ಮಕ್ಕಳೊಡನೆ ನಾಲ್ಕು ದಿನ ಕಡಲಿನಲ್ಲಿ ಈಜಿ ಬಂದರೆ ಅದನ್ನು ಪಾಪವೆಂದು ಎಣಿಸಬೇಡಿ. ಆದರೆ ಅದೇ ಅಕ್ವಿನಾಸರು ವಿನೋದಕ್ಕೆ ಕೆಲವು ಎಚ್ಚರಿಕೆಗಳನ್ನೂ ಕೊಟ್ಟಿದ್ದಾರೆ. ವಿನೋದದಲ್ಲಿ ಅಶ್ಲೀಲತೆಯಾಗಲಿ ಇತರರಿಗೆ ಹಾನಿಯಾಗಲಿ ಇರಬಾರದು. ಮನಸ್ಸು ತನ್ನ ಸಮತೋಲವನ್ನು ಕಳೆದುಕೊಳ್ಳಬಾರದು. ವ್ಯಕ್ತಿ, ಕಾಲ, ಸ್ಥಳಗಳಿಗೆ ಅದು ತಕ್ಕುದಾಗಿರಬೇಕು. ಈ ಕೊನೆಯ ಎಚ್ಚರಿಕೆಯೇ ನಮ್ಮನ್ನು ದ್ವೀಪದತ್ತ ಕರೆದೊಯ್ಯುತ್ತದೆ. ನಾವು ಹೋಗುವ ಸ್ಥಳ ಯಾವುದು? ಅಲ್ಲಿರುವ ವ್ಯಕ್ತಿಗಳು ಯಾರು?

ಮಾಲ್ಡೀವ್ಸ್ ಎಂಬುದು ಜಾಹೀರಾತಿನ ಚಿತ್ರವಲ್ಲ, ಅದೊಂದು ದೇಶ. ಸುಮಾರು 1,200 ಹವಳದ ದ್ವೀಪಗಳು. ಅವುಗಳಲ್ಲಿ ಜನವಸತಿ ಇರುವುದು 200ಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಎಲ್ಲವನ್ನೂ ಒಟ್ಟು ಸೇರಿಸಿದರೂ ನೆಲ 300 ಚದರ ಕಿಲೋಮೀಟರಿನಷ್ಟೇ. ಬಳೆಯಾಕಾರದಲ್ಲಿ ಸಾಲುಗಟ್ಟಿದ ಇಂತಹ ಹವಳದ ದ್ವೀಪಗಳಿಗೆ ಜಗತ್ತೇ ಬಳಸುವ 'ಅಟಾಲ್' ಎಂಬ ಶಬ್ದ ಅಲ್ಲಿನ ದಿವೇಹಿ ಭಾಷೆಯ ಕೊಡುಗೆ. 1965ರಲ್ಲಿ ಈ ದೇಶ ಸ್ವತಂತ್ರವಾಯಿತು. ನಮಗೆ ಇದು ದೂರದ ನೆರೆಯೂ ಅಲ್ಲ. ಲಕ್ಷದ್ವೀಪದ ತೆಂಕಣ ತುದಿಯಲ್ಲಿರುವ ಮಿನಿಕಾಯ್ ದ್ವೀಪದ ಜನರ ಮಾತು ಮಾಲ್ಡೀವ್ಸ್‌ನವರ ದಿವೇಹಿಯೇ. ಅದೇ ಲಕ್ಷದ್ವೀಪದ ಬಡಗಣ ಗುಂಪಾದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳು ಆ ದ್ವೀಪಗಳಿಗೆ ಸಾಮಾನು ಹೊತ್ತೊಯ್ಯುವುದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಕಡಲ ನಡುವಣ ಬದುಕು ಎಷ್ಟರಮಟ್ಟಿಗೆ ಹೊರಗಿನಿಂದ ಬರುವ ಅಕ್ಕಿ, ಉಪ್ಪು, ಇಟ್ಟಿಗೆಗಳನ್ನು ಆಶ್ರಯಿಸಿದೆ ಎಂಬುದನ್ನು ನಮ್ಮ ಬಂದರಿನ ಜನರಿಗೆ ಯಾರೂ ಕಲಿಸಬೇಕಾಗಿಲ್ಲ.

ಮೊದಲ ರೆಸಾರ್ಟ್ ಅಲ್ಲಿ ತೆರೆದದ್ದು 1972ರಲ್ಲಿ, ಕುರುಂಬಾ ಎಂಬ ಹೆಸರಿನಲ್ಲಿ. ಇಂದು ರೆಸಾರ್ಟುಗಳ ಸಂಖ್ಯೆ ನೂರೈವತ್ತನ್ನು ಮೀರಿದೆ. 2024ರಲ್ಲಿ 20 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಅಲ್ಲಿಗೆ ಭೇಟಿಯಿತ್ತರು. ಜನವಸತಿಯಿಲ್ಲದ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬುದು ಅಲ್ಲಿಯ ವ್ಯವಸ್ಥೆ. ಮದ್ಯ ಮತ್ತು ಪಾಶ್ಚಾತ್ಯ ಉಡುಗೆ ತೊಡುಗೆಗಳು ರೆಸಾರ್ಟಿನ ದ್ವೀಪಕ್ಕೆ ಸೀಮಿತ. ಸ್ಥಳೀಯರ ದ್ವೀಪಗಳಲ್ಲಿ ಇಸ್ಲಾಮಿನ ಕಟ್ಟುನಿಟ್ಟಿನ ಆಚಾರ. ಈ ಏರ್ಪಾಡಿನಿಂದ ಎರಡು ಲೋಕಗಳು ಪರಸ್ಪರ ತಾಗದೆ ಉಳಿದಿವೆ. ನಮ್ಮ ಕುಟುಂಬವೊಂದು ವಿಮಾನದಿಂದ ಇಳಿದು, ವೇಗದ ದೋಣಿಯನ್ನೋ ನೀರಿನ ಮೇಲಿಳಿಯುವ ಪುಟ್ಟ ವಿಮಾನವನ್ನೋ ಏರಿ, ನಾಲ್ಕು ದಿನ ರೆಸಾರ್ಟಿನಲ್ಲಿದ್ದು ಹಿಂತಿರುಗಿ ಬಂದರೆ ಮಾಲ್ಡೀವ್ಸ್‌ನ ಒಂದು ಮನೆಯನ್ನಾಗಲಿ, ಶಾಲೆಯನ್ನಾಗಲಿ, ಮೀನುಗಾರನ ದೋಣಿಯನ್ನಾಗಲಿ ಕಂಡಿರುವುದಿಲ್ಲ. ಅಲ್ಲಿ ಮಾರಾಟವಾಗುವ ಮುಖ್ಯ ಸರಕು ಸಮುದ್ರವಲ್ಲ, ಪ್ರತ್ಯೇಕತೆ. ಯಾರೂ ನಮ್ಮನ್ನು ಕಾಡುವುದಿಲ್ಲ ಎಂಬ ಭರವಸೆಗೆ ನಾವು ಹಣ ಕೊಡುತ್ತೇವೆ.

ಆದರೆ ಯಾರೂ ಇಲ್ಲದ ದ್ವೀಪದಲ್ಲಿ ಬೆಳಗ್ಗೆ ಎದ್ದಾಗ ಮರಳನ್ನು ಗುಡಿಸಿಟ್ಟವರು ಯಾರು? ಆ ದ್ವೀಪದಲ್ಲಿ ಕುಡಿಯುವ ನೀರಿನ ಹೊಳೆಯಿಲ್ಲ. ಸಮುದ್ರದ ನೀರಿನಿಂದ ಉಪ್ಪನ್ನು ಬೇರ್ಪಡಿಸುವ ಯಂತ್ರಗಳು ಹಗಲಿರುಳು ನಡೆಯಬೇಕು. ವಿದ್ಯುತ್ತಿಗೆ ಬಹುಮಟ್ಟಿಗೆ ಡೀಸೆಲ್ ಉರಿಯಬೇಕು. ಮೀನು, ತೆಂಗು ಬಿಟ್ಟರೆ ಊಟದ ಬಹುಪಾಲು ಸಾಮಗ್ರಿ ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ಇಷ್ಟನ್ನೂ ಇಳಿಸಿ, ಹೊತ್ತು, ಬೇಯಿಸಿ, ಬಡಿಸಿ, ತೊಳೆಯುವ ಕೈಗಳು ಬೇಕು. ಆ ಕೈಗಳ ವಾಸ ಸಾಮಾನ್ಯವಾಗಿ ಅತಿಥಿಗಳ ಕಣ್ಣಿಗೆ ಬೀಳದಂತೆ ಗಿಡಮರಗಳ ಮರೆಯಲ್ಲಿರುತ್ತದೆ.

2022ರ ಜನಗಣತಿಯ ಪ್ರಕಾರ ಆ ದೇಶದಲ್ಲಿದ್ದವರು ಸುಮಾರು 5.15 ಲಕ್ಷ ಮಂದಿ. ಅವರಲ್ಲಿ 1.3 ಲಕ್ಷಕ್ಕೂ ಹೆಚ್ಚು ಜನ ವಿದೇಶೀಯರು. ಎಂದರೆ ನಾಲ್ವರಲ್ಲಿ ಒಬ್ಬನು ಪರದೇಶಿ. ಬಾಂಗ್ಲಾದೇಶ, ಭಾರತ, ಶ್ರೀಲಂಕಾ, ನೇಪಾಳ, ಫಿಲಿಪ್ಪೀನ್ಸ್ ಮೊದಲಾದ ನಾಡುಗಳಿಂದ ದುಡಿಯಲು ಬಂದವರು ಅವರು. ಎಲ್ಲರೂ ರೆಸಾರ್ಟುಗಳಲ್ಲಿಲ್ಲ, ಕಟ್ಟಡ ಕಟ್ಟುವವರು, ಅಂಗಡಿಗಳಲ್ಲಿ ನಿಲ್ಲುವವರು, ಬೀದಿ ಗುಡಿಸುವವರು ಇದ್ದಾರೆ. 2022ರ ನವೆಂಬರ್ 10ರಂದು ರಾಜಧಾನಿ ಮಾಲೆಯಲ್ಲಿ ಕಟ್ಟಡವೊಂದಕ್ಕೆ ಬೆಂಕಿ ಹತ್ತಿಕೊಂಡಿತು. ಕೆಳಗೆ ವಾಹನ ದುರಸ್ತಿಯ ಗ್ಯಾರೇಜು, ಮೇಲೆ ವಲಸೆ ಕಾರ್ಮಿಕರ ಇಕ್ಕಟ್ಟಾದ ಬಿಡಾರ. ಹತ್ತು ಮಂದಿ ಅಸುನೀಗಿದರು. ಅವರಲ್ಲಿ ಹೆಚ್ಚಿನವರು ನಮ್ಮ ದೇಶದವರೇ. ಆ ವಾರವೂ ನಮ್ಮ ವಿಮಾನ ನಿಲ್ದಾಣಗಳಿಂದ ಕುಟುಂಬಗಳು ಅದೇ ಮಾಲೆಗೆ ಹೋಗಿ ಇಳಿದು, ದ್ವೀಪಗಳಿಗೆ ದೋಣಿ ಹತ್ತಿದವು. ಇದರಲ್ಲಿ ಆ ಕುಟುಂಬಗಳ ತಪ್ಪೇನೂ ಇಲ್ಲ. ಆದರೆ ಒಂದೇ ನಿಲ್ದಾಣದಲ್ಲಿ ಒಬ್ಬನು ಅತಿಥಿಯಾಗಿ, ಮತ್ತೊಬ್ಬನು ಆಳಾಗಿ ಇಳಿಯುತ್ತಾನೆ ಎಂಬ ಸತ್ಯವನ್ನು ಮರೆಯುವುದು ತಪ್ಪು.

ಅದರಲ್ಲೂ ಕರಾವಳಿಯ ಕಥೋಲಿಕ ಕುಟುಂಬಗಳು ಇದನ್ನು ಮರೆಯುವಂತೆಯೇ ಇಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಹಂಚಿನ ಮನೆಗಳು ತಾರಸಿಯ ಮನೆಗಳಾದದ್ದು ಯಾರ ಹಣದಿಂದ? ಬೊಂಬಾಯಿಯ ಹೋಟೆಲುಗಳಲ್ಲಿ ತಟ್ಟೆ ತೊಳೆದವರು, ಹಡಗಿನ ಅಡುಗೆಮನೆಯಲ್ಲಿ ಬೆಂದವರು, ಕುವೈತ್, ಬಹರೈನ್, ದುಬೈಗಳಲ್ಲಿ ಪರರ ಹಾಸಿಗೆ ಹಾಸಿದವರು, ಪರರ ಮಕ್ಕಳನ್ನು ಎತ್ತಿ ಆಡಿಸಿದವರು ಕಳುಹಿಸಿದ ಹಣದಿಂದ. ಇಗರ್ಜಿಯ ಹೊಸ ಗಂಟೆಗೋಪುರದ ಲೆಕ್ಕಪುಸ್ತಕ ತೆರೆದರೆ ಅದರ ಪುಟಪುಟದಲ್ಲೂ ಅವರ ಹೆಸರಿದೆ. ಇಂದಿಗೂ ವಿಹಾರದ ಹಡಗುಗಳಲ್ಲಿ ಮೇಜು ಒರೆಸುವ ನಮ್ಮ ಹುಡುಗರು ಒಂದೇ ಸಮನೆ ಏಳೆಂಟು ತಿಂಗಳು ಮನೆಯ ಮುಖ ಕಾಣುವುದಿಲ್ಲ. ಅವರ ತಾಯಂದಿರು ನಮ್ಮಲ್ಲಿಗೆ ಬಂದು, ಮಗನಿಗಾಗಿ ಒಂದು ಪೂಜೆ ಅರ್ಪಿಸಿ ಫಾದರ್ ಎಂದು ಕೇಳಿಕೊಳ್ಳುತ್ತಾರೆ. ಹಾಗಾದರೆ ದ್ವೀಪದ ರೆಸಾರ್ಟಿನಲ್ಲಿ ನಮ್ಮ ಚೀಲವನ್ನು ಹೊತ್ತು ಬರುವ ಹುಡುಗ ಯಾರು? ಅವನೂ ಒಬ್ಬ ತಾಯಿಯ ಮಗ. ಒಂದು ತಲೆಮಾರಿನ ಹಿಂದೆ ಅವನ ಜಾಗದಲ್ಲಿ ನಿಂತಿದ್ದವರು ನಮ್ಮ ತಂದೆ, ನಮ್ಮ ದೊಡ್ಡಪ್ಪ.

ದೇವರ ಮೂರನೆಯ ಕಟ್ಟಳೆ ಹೇಳುವುದು ಇದನ್ನೇ. ಸಬ್ಬತ್ ದಿನವನ್ನು ಪವಿತ್ರವಾಗಿ ಆಚರಿಸಬೇಕೆಂಬ ಕಟ್ಟಳೆಯನ್ನು ನಾವು ಬಾಲ್ಯದಲ್ಲೇ ಬಾಯಿಪಾಠ ಮಾಡುತ್ತೇವೆ. ಆದರೆ ವಿಮೋಚನಾಕಾಂಡದಲ್ಲಿ ಅದರ ಪೂರ್ಣಪಾಠವನ್ನು ಓದಿದವರು ಕಡಿಮೆ. ಅಲ್ಲಿ ವಿಶ್ರಾಂತಿ ಮನೆಯ ಯಜಮಾನನಿಗೆ ಮಾತ್ರವೆಂದು ಹೇಳಿಲ್ಲ. ಮಗ, ಮಗಳು, ಗಂಡಾಳು, ಹೆಣ್ಣಾಳು, ದನಕರು, ಊರಿನಲ್ಲಿ ತಂಗಿರುವ ಪರದೇಶಿ, ಇಷ್ಟೂ ಮಂದಿಯನ್ನು ಒಬ್ಬೊಬ್ಬರಾಗಿ ಹೆಸರಿಸಲಾಗಿದೆ. ಧರ್ಮೋಪದೇಶಕಾಂಡದಲ್ಲಿ ಕಾರಣವನ್ನೂ ಕೊಡಲಾಗಿದೆ. ನಿನ್ನಂತೆಯೇ ನಿನ್ನ ಆಳೂ ವಿಶ್ರಮಿಸಬೇಕು. ಏಕೆಂದರೆ ನೀನೂ ಒಂದು ಕಾಲದಲ್ಲಿ ಈಜಿಪ್ಟಿನಲ್ಲಿ ಆಳಾಗಿದ್ದೆ, ಅದನ್ನು ನೆನಪಿಡು ಎಂಬುದು ಅದರ ತಾತ್ಪರ್ಯ. ಯಾಜಕಕಾಂಡವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಏಳನೆಯ ವರ್ಷದಲ್ಲಿ ಭೂಮಿಗೂ ವಿಶ್ರಾಂತಿಯನ್ನು ವಿಧಿಸುತ್ತದೆ. ಪವಿತ್ರ ಗ್ರಂಥದ ವಿಶ್ರಾಂತಿ ಹಂಚಿಕೊಂಡ ವಿಶ್ರಾಂತಿ. ಸೇವಕ, ಪರದೇಶಿ, ಭೂಮಿ ಈ ಮೂರನ್ನೂ ಹೊರಗಿಟ್ಟ ವಿಶ್ರಾಂತಿಗೆ ಆ ಹೆಸರು ಸಲ್ಲದು.

ಭೂಮಿಯ ಮಾತು ಬಂದುದರಿಂದ ಆ ದ್ವೀಪಗಳ ನೆಲದ ಕುರಿತೂ ಹೇಳಬೇಕು. ಸಮುದ್ರಮಟ್ಟಕ್ಕಿಂತ ಸರಾಸರಿ ಒಂದೂವರೆ ಮೀಟರು ಎತ್ತರದ ನೆಲ ಅದು. ದ್ವೀಪಗಳನ್ನು ಅಲೆಗಳಿಂದ ಕಾಯುವುದು ಸುತ್ತಲಿನ ಹವಳದ ದಿಬ್ಬ, ಹವಳವೆಂಬುದು ಜೀವಿ. ಸಮುದ್ರದ ನೀರು ಬಿಸಿಯೇರಿದ 1998ರಲ್ಲಿ ಮತ್ತು 2016ರಲ್ಲಿ ಅಲ್ಲಿನ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡವು. 2004ರ ಡಿಸೆಂಬರ್ 26ರ ಭಾನುವಾರ, ಧರ್ಮಸಭೆಯು ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತಿದ್ದ ದಿನ, ಸುನಾಮಿಯ ಅಲೆ ಈ ದ್ವೀಪಗಳ ಮೇಲೂ ಹಾದುಹೋಯಿತು. ಕಂದೊಳುದೂ ಎಂಬ ದ್ವೀಪ ವಾಸಕ್ಕೆ ಯೋಗ್ಯವಲ್ಲದಂತಾಗಿ, ಅಲ್ಲಿಯ ಕುಟುಂಬಗಳು ವರ್ಷಗಟ್ಟಲೆ ತಾತ್ಕಾಲಿಕ ಬಿಡಾರಗಳಲ್ಲಿದ್ದು ಕೊನೆಗೆ ಬೇರೊಂದು ದ್ವೀಪಕ್ಕೆ ಸ್ಥಳಾಂತರಗೊಂಡವು. ಮಾಲೆ ಮತ್ತು ಸುತ್ತಲಿನ ರೆಸಾರ್ಟುಗಳ ಕಸವನ್ನು ತುಂಬಲು 1992ರಿಂದ ತಿಲಫುಶಿ ಎಂಬ ದ್ವೀಪವನ್ನೇ ಬಳಸಿಕೊಂಡು ಬರಲಾಯಿತು. 2025ರ ಜನವರಿಯಿಂದ ರೆಸಾರ್ಟಿನಲ್ಲಿ ತಂಗುವ ವಿದೇಶೀಯನ ತಲೆಗೆ ದಿನವೊಂದಕ್ಕೆ 12 ಡಾಲರುಗಳ ಹಸಿರು ತೆರಿಗೆಯನ್ನು ವಿಧಿಸಲಾಗಿದೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಹೊಣೆ ತೀರಿತೆಂದು ತಿಳಿಯಬಾರದು. ದಿನಕ್ಕೆ ನಾಲ್ಕು ಬಾರಿ ಸ್ನಾನ, ಮಡಿಚಿಟ್ಟ ಹೊಸ ಟವೆಲು, ತಟ್ಟೆಯಲ್ಲಿ ಅರ್ಧ ಉಳಿಸಿದ ಊಟ ಇವೆಲ್ಲ ಆ ನೆಲಕ್ಕೆ ಭಾರವೇ. ನಮ್ಮೂರಿನ ಕಡಲ್ಕೊರೆತದಲ್ಲಿ ಮನೆ ಕಳೆದುಕೊಂಡವರ ಸಂಕಟವನ್ನು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಹೋಗಲೇಬಾರದೇ? ಹೋಗಿರಿ ಎಂದೇ ನಮ್ಮ ಉತ್ತರ. ನಾವು ಹೋಗದೆ ಇದ್ದುಬಿಟ್ಟರೆ ಆ ಹುಡುಗನ ಸಂಬಳವೇನೂ ಹೆಚ್ಚುವುದಿಲ್ಲ. ಆದರೆ ಹೋಗುವ ರೀತಿಯಲ್ಲಿ ಕೆಲವು ಸಂಗತಿಗಳನ್ನು ಗಮನಿಸಿರೆಂದು ಕೇಳಿಕೊಳ್ಳುತ್ತೇವೆ.

ಮೊದಲನೆಯದು, ನಮ್ಮನ್ನು ಉಪಚರಿಸುವವರನ್ನು ಹೆಸರಿನಿಂದ ಕರೆಯಿರಿ. ಕೋಣೆ ಗುಡಿಸುವವನ ಊರು ಯಾವುದು, ಮನೆಗೆ ಹೋಗಿ ಎಷ್ಟು ಕಾಲವಾಯಿತು ಎಂದು ಮಕ್ಕಳು ವಿಚಾರಿಸಲಿ. ಅವನ ಬಿಡುವಿನ ವೇಳೆಯಲ್ಲಿ ಅನಾವಶ್ಯಕವಾಗಿ ಕರೆಗಂಟೆ ಒತ್ತಬೇಡಿ. ಪ್ರಭುವಿನ ದಿನದಂದು ಇತರರ ವಿಶ್ರಾಂತಿಗೆ ಅಡ್ಡಿಯಾಗುವ ಅನಗತ್ಯ ಬೇಡಿಕೆಗಳನ್ನು ಮುಂದಿಡಬಾರದೆಂದು 1992ರಲ್ಲಿ ಹೊರಬಂದ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ. ಹೋಟೆಲಿನಂತಹ ಕೆಲಸಗಳಲ್ಲಿ ಭಾನುವಾರವೂ ದುಡಿಯುವವರು ಇದ್ದೇ ಇರುತ್ತಾರೆಂದು ಒಪ್ಪಿಕೊಂಡು, ಅವರಿಗೂ ಸಾಕಷ್ಟು ವಿರಾಮ ಸಿಗಬೇಕೆಂದು ಅದು ಹೇಳುತ್ತದೆ. ಹಿಂತಿರುಗುವ ದಿನ ಕೊಡುವ ಇನಾಮನ್ನು ಲಕೋಟೆಯಲ್ಲಿಟ್ಟು ಗೌರವದಿಂದ ಕೈಗೆ ಕೊಡಿ. ಕೋಣೆಯಲ್ಲಿ ಏನಾದರೂ ಕಾಣೆಯಾದರೆ ಮೊದಲ ಸಂಶಯ ಅವನ ಮೇಲೆ ಹೋಗದಿರಲಿ.

ಎರಡನೆಯದು, ಸಾಧ್ಯವಾದಲ್ಲಿ ಪ್ರವಾಸದ ಎರಡು ದಿನಗಳನ್ನಾದರೂ ಸ್ಥಳೀಯರ ದ್ವೀಪದಲ್ಲಿ ಕಳೆಯಿರಿ. 2010ರ ಹೊತ್ತಿಗೆ ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹಗಳನ್ನು ನಡೆಸಲು ಅಲ್ಲಿನ ಸರಕಾರ ದಾರಿ ಮಾಡಿಕೊಟ್ಟಿತು. ಮಾಫುಶಿಯಂತಹ ದ್ವೀಪಗಳಲ್ಲಿ ಇಂದು ಅಂತಹ ಮನೆಗಳು ಹಲವಾರಿವೆ. ಖರ್ಚು ರೆಸಾರ್ಟಿಗಿಂತ ಎಷ್ಟೋ ಕಡಿಮೆ. ಮದ್ಯವಿಲ್ಲ, ಉಡುಪು ಮರ್ಯಾದೆಯಾಗಿರಬೇಕು. ಕುಟುಂಬದೊಡನೆ ಹೋಗುವವರಿಗೆ ಇದೊಂದು ಕೊರತೆಯಲ್ಲ. ಟ್ಯೂನಾ ಮೀನಿನ ಚೂರು, ತೆಂಗಿನ ತುರಿ, ಈರುಳ್ಳಿ, ಮೆಣಸು ಕಲಸಿದ 'ಮಸ್ ಹುನಿ'ಯನ್ನು 'ರೊಶಿ' ಎಂಬ ರೊಟ್ಟಿಯೊಡನೆ ಬೆಳಗಿನ ಉಪಾಹಾರಕ್ಕೆ ಬಡಿಸುತ್ತಾರೆ. ತೆಂಗು ಮೀನುಗಳ ನಾಡಿನ ನಮ್ಮ ಮಕ್ಕಳಿಗೆ ಅದು ಪರಕೀಯವೆನಿಸದು. ಬಲೆ ಬೀಸದೆ, ಗಾಳದ ಕೋಲಿನಿಂದ ಒಂದೊಂದೇ ಟ್ಯೂನಾ ಹಿಡಿಯುವ ಅಲ್ಲಿನ ಮೀನುಗಾರಿಕೆಯ ಕ್ರಮದಿಂದ ನಮ್ಮ ಮೀನುಗಾರರ ಮಕ್ಕಳು ಕಲಿಯುವುದೂ ಉಂಟು.

ಮೂರನೆಯದು, ಭಾನುವಾರದ ಪ್ರಶ್ನೆ. ಅಲ್ಲಿ ಪೂಜೆ ಸಿಗುತ್ತದೆಯೇ ಫಾದರ್ ಎಂದು ತಾಯಂದಿರು ಕೇಳುತ್ತಾರೆ. ಸಿಗುವುದಿಲ್ಲ. ಇಸ್ಲಾಂ ಆ ದೇಶದ ರಾಜ್ಯಧರ್ಮ. ಅನ್ಯಧರ್ಮೀಯರ ಬಹಿರಂಗ ಆರಾಧನೆಗೆ ಅಲ್ಲಿ ಅವಕಾಶವಿಲ್ಲ, ಇಗರ್ಜಿಯೂ ಇಲ್ಲ. ಆದ್ದರಿಂದ ಹೋಗುವ ಮತ್ತು ಬರುವ ದಿನಗಳನ್ನು ಸೋಮವಾರದಿಂದ ಶನಿವಾರದೊಳಗೆ ಹೊಂದಿಸಿಕೊಳ್ಳಲು ಆಗುವವರು ಹಾಗೆಯೇ ಮಾಡುವುದು ಲೇಸು. ಆಗದಿದ್ದವರಿಗೆ ಧರ್ಮಸಭೆಯ ಕಾನೂನೇ ದಾರಿ ತೋರಿಸಿದೆ: ಯಾಜಕರಿಲ್ಲದೆ ಬಲಿಪೂಜೆಯಲ್ಲಿ ಭಾಗವಹಿಸಲು ಅಸಾಧ್ಯವಾದಲ್ಲಿ ಕುಟುಂಬವಾಗಿ ಕುಳಿತು ತಕ್ಕಷ್ಟು ಹೊತ್ತು ಪ್ರಾರ್ಥಿಸಬೇಕೆಂದು ಅದು ಸಲಹೆ ನೀಡುತ್ತದೆ. ಆ ದಿನದ ಶುಭಸಂದೇಶವನ್ನು ಮಕ್ಕಳಲ್ಲಿ ಒಬ್ಬರು ಓದಲಿ, ಜಪಸರ ಹೇಳಿರಿ. ಇದು ಕೋಣೆಯೊಳಗೆ, ಸದ್ದಿಲ್ಲದೆ ನಡೆಯಲಿ. ನಾವು ಅತಿಥಿಗಳು, ಮನೆಯವರ ನಿಯಮವನ್ನು ಗೌರವಿಸುವುದು ಅತಿಥಿಯ ಧರ್ಮ. ನೌಕರರಲ್ಲಿ ಯಾರಾದರೂ ನಮ್ಮ ಧರ್ಮದವರೆಂದು ತಿಳಿದುಬಂದರೂ ಪ್ರಾರ್ಥನೆಗೆ ಕರೆಯಬೇಡಿ. ನಾಳೆ ನಾವು ವಿಮಾನ ಹತ್ತುತ್ತೇವೆ, ತೊಂದರೆ ಬಂದರೆ ಅನುಭವಿಸಬೇಕಾದವರು ಅವರು. ಫಿಲಿಪ್ಪೀನ್ಸ್‌ನಿಂದಲೋ ಕೇರಳದಿಂದಲೋ ಬಂದ ಅಂತಹವನೊಬ್ಬ ಪೂಜೆಯಿಲ್ಲದೆಯೇ ಅಲ್ಲಿ ತಿಂಗಳುಗಟ್ಟಲೆ ಕಳೆಯುತ್ತಾನೆ. ನಾವು ಒಂದು ಭಾನುವಾರ ಅನುಭವಿಸುವ ಕೊರತೆ ಅವನಿಗೆ ವರ್ಷದ ಕೊರತೆ. ಊರಿಗೆ ಮರಳಿದ ಮೇಲೆ ಮೊದಲ ಬಲಿಪೂಜೆಯಲ್ಲಿ ಅವನಿಗಾಗಿ ಪ್ರಾರ್ಥಿಸಿರಿ.

ನಾಲ್ಕನೆಯದು ಮನೆಯವರಿಗೇ ಸಂಬಂಧಿಸಿದ್ದು. ವರ್ಷಕ್ಕೊಮ್ಮೆ ಊರಿಗೆ ಬರುವ ಮಗನ ದಾರಿಯನ್ನು ಮುದಿ ತಾಯಿ ಹನ್ನೊಂದು ತಿಂಗಳು ಕಾದಿರುತ್ತಾಳೆ. ಮೂವತ್ತು ದಿನಗಳ ರಜೆಯಲ್ಲಿ ಹತ್ತು ದಿನ ದ್ವೀಪಕ್ಕೆ, ಹತ್ತು ದಿನ ಹೆಂಡತಿಯ ಕಡೆಗೆ, ಐದು ದಿನ ಬ್ಯಾಂಕು ಕಚೇರಿಗಳಿಗೆ ಹೋದರೆ ಅವಳ ಪಾಲಿಗೆ ಉಳಿಯುವುದೆಷ್ಟು? ಅವಳನ್ನೂ ಕರೆದೊಯ್ಯಲಾಗುವುದಾದರೆ ಕರೆದೊಯ್ಯಿರಿ. ಮೊಣಕಾಲು ನೋವಿನವರು ಕೂಡಾ ದಡದ ಕುರ್ಚಿಯಲ್ಲಿ ಕುಳಿತು ಮೊಮ್ಮಕ್ಕಳ ಆಟ ನೋಡಬಲ್ಲರು. ಆಗದಿದ್ದರೆ ದ್ವೀಪದ ದಿನಗಳನ್ನು ಹತ್ತರಿಂದ ನಾಲ್ಕಕ್ಕೆ ಇಳಿಸಿ, ಉಳಿದ ದಿನಗಳನ್ನು ಅವಳ ಜಗಲಿಯಲ್ಲಿ ಕಳೆಯಿರಿ. ಸಾಲ ಮಾಡಿ ಹೋಗಲೇಬೇಡಿ. ಕಂತು ಕಟ್ಟಲು ಮುಂದಿನ ವರ್ಷವಿಡೀ ಹೆಚ್ಚುವರಿ ದುಡಿಮೆ ಮಾಡಬೇಕಾಗಿ ಬರುವ ರಜೆ, ರಜೆಯೇ ಅಲ್ಲ. ಅಕ್ವಿನಾಸರು ಹೇಳಿದ 'ವ್ಯಕ್ತಿಗೆ ತಕ್ಕುದಾದ' ಎಂಬ ಮಾತಿನ ಅರ್ಥ ಇದೇ. ಇನ್ನೊಂದು ವಿಷಯ: ಅಲ್ಲಿ ಹೋದ ಮೇಲೆ ಗಳಿಗೆಗೊಮ್ಮೆ ಚಿತ್ರ ತೆಗೆದು ಬಂಧುಗಳಿಗೆಲ್ಲ ಕಳುಹಿಸುವ ಹಂಬಲವನ್ನು ಹಿಡಿತದಲ್ಲಿಡಿ. ಅದನ್ನು ನೋಡಿ ಕಡಿಮೆ ಸಂಬಳದ ತಂದೆಯೊಬ್ಬನು ತನ್ನ ಮಕ್ಕಳ ಮುಂದೆ ತಲೆ ತಗ್ಗಿಸಬೇಕಾಗಿ ಬರಬಹುದು.

ಜರ್ಮನಿಯ ಕಥೋಲಿಕ ತತ್ತ್ವಜ್ಞಾನಿ ಯೋಸೆಫ್ ಪೀಪರ್ 1948ರಲ್ಲಿ ವಿರಾಮದ ಕುರಿತು ಒಂದು ಪುಟ್ಟ ಗ್ರಂಥವನ್ನು ಪ್ರಕಟಿಸಿದರು. ಯುದ್ಧದಿಂದ ಹಾಳಾದ ದೇಶವನ್ನು ಮತ್ತೆ ಕಟ್ಟಬೇಕಾಗಿದ್ದ ಕಾಲ ಅದು. ದುಡಿಮೆಯೊಂದೇ ಎಲ್ಲರ ಬಾಯಲ್ಲಿದ್ದಾಗ ಅವರು ವಿರಾಮದ ಮಹತ್ವವನ್ನು ಎತ್ತಿಹಿಡಿದರು. ಅವರ ವಿಚಾರದಲ್ಲಿ ವಿರಾಮವೆಂದರೆ ಕೆಲಸದ ನಡುವಣ ಬಿಡುವು ಮಾತ್ರವಲ್ಲ, ಇರುವುದನ್ನು ಇರುವಂತೆಯೇ ಸಂತೋಷದಿಂದ ಸ್ವೀಕರಿಸುವ ಮನಸ್ಸಿನ ಸ್ಥಿತಿ. ದೇವಾರಾಧನೆಯೇ ಅದರ ಬೇರು. ಇಂತಹ ಮನಸ್ಸನ್ನು ಯಾವ ರೆಸಾರ್ಟೂ ಮಾರಲಾರದು, ನಾವೂ ಕೊಳ್ಳಲಾರೆವು. ಮನೆಯಲ್ಲಿ ಒಂದು ಹೊತ್ತಿನ ಊಟಕ್ಕೂ ಒಟ್ಟಿಗೆ ಕೂರದ ಕುಟುಂಬ ದ್ವೀಪದಲ್ಲಿಯೂ ಬೇರೆ ಬೇರೆಯಾಗಿಯೇ ಕೂತೀತು: ತಂದೆ ಫೋನಿನಲ್ಲಿ, ತಾಯಿ ಚಿತ್ರಗಳಲ್ಲಿ, ಮಕ್ಕಳು ಅವರಿಗೆಂದೇ ಇಟ್ಟ ಆಟದ ಕೋಣೆಯಲ್ಲಿ. ಭಾನುವಾರ ಪೂಜೆ ಮುಗಿಸಿ ಬಂದು, ಮನೆಗೆಲಸದ ಹೆಂಗಸಿಗೂ ರಜೆ ಕೊಟ್ಟು, ಎಲ್ಲರೂ ಸೇರಿ ಅಡುಗೆ ಮಾಡಿ ಉಂಡು, ಸಂಜೆ ಹತ್ತಿರದ ಕಡಲ ತೀರಕ್ಕೆ ನಡೆದುಹೋಗುವ ಅಭ್ಯಾಸವಿರುವ ಕುಟುಂಬವು ವಿಶ್ರಾಂತಿಯನ್ನು ಆಗಲೇ ಬಲ್ಲದು. ಅಂತಹ ಕುಟುಂಬಕ್ಕೆ ದ್ವೀಪದ ಪ್ರವಾಸ ಹೆಚ್ಚಿನ ಅನುಗ್ರಹವೇ ಆಗುತ್ತದೆ.

ಪ್ರವಾಸದಿಂದ ಮರಳಿದ ಕುಟುಂಬಗಳು ತಮ್ಮ ಮಕ್ಕಳಿಗೆ ಒಂದು ಪ್ರಶ್ನೆಯನ್ನು ಕೇಳಲಿ ಎಂಬುದು ನಮ್ಮ ಸೂಚನೆ. ನೀರು ಎಷ್ಟು ನೀಲಿಯಾಗಿತ್ತು, ಎಷ್ಟು ಬಣ್ಣದ ಮೀನುಗ��ನ್ನು ಕಂಡೆ ಎಂದು ಕೇಳಿದ ಮೇಲೆ, ನಮ್ಮ ಕೋಣೆಯನ್ನು ನೋಡಿಕೊಂಡವನ ಹೆಸರೇನು, ಅವನ ಮನೆಯಲ್ಲಿ ಯಾರಿದ್ದಾರೆ ಎಂದೂ ಕೇಳಿರಿ. ಮಗುವಿಗೆ ಅದು ತಿಳಿದಿದ್ದರೆ ನಿಮ್ಮ ಹಣ ವ್ಯರ್ಥವಾಗಲಿಲ್ಲ. ತಿಳಿಯದಿದ್ದರೆ ಮುಂದಿನ ರಜೆಗೆ ಮುನ್ನ ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯವನ್ನು ಮಕ್ಕಳೊಡನೆ ಕುಳಿತು ಒಮ್ಮೆ ಓದಿರಿ. ನಾವೂ ಒಂದು ಕಾಲದಲ್ಲಿ ಪರರ ಮನೆಯ ಆಳುಗಳಾಗಿದ್ದೆವು ಎಂಬ ನೆನಪು ನಮ್ಮ ಸಂತೋಷವನ್ನು ಕುಗ್ಗಿಸುವುದಿಲ್ಲ. ಆ ಸಂತೋಷದಲ್ಲಿ ಇನ್ನೊಬ್ಬರಿಗೂ ಜಾಗವಾಗುವಂತೆ ಮಾಡುತ್ತದೆ.